ಒಡನಾಡಿಯನ್ನು ಕಳೆದುಕೊಂಡ ದೀಪಗಳು

ನಮ್ಮ ಮನೆಗಳಲ್ಲಿ ಬಹುಕಾಲ ಉರಿದ ಬುರುಡೆ ದೀಪಕ್ಕೆ ಸಹಜವಾದ ಒಂದು ಸಂಯಮವುಂಟು. ಅದರೊಳಗಿನ ಟಂಗ್‌ಸ್ಟನ್ ತಂತಿಯು ಕಾದಷ್ಟೂ ಅದರ ನಿರೋಧವು ಹೆಚ್ಚುತ್ತದೆ, ನಿರೋಧವು ಹೆಚ್ಚಿದಂತೆ ಪ್ರವಾಹವು ತಾನಾಗಿ ಮಿತಿಗೆ ಒಳಪಡುತ್ತದೆ; ಆದುದರಿಂದ ವೋಲ್ಟೇಜು ಸರಿಯಾಗಿದ್ದರೆ ಯಾರು ಯಾವ ಹೋಲ್ಡರಿಗೆ ಸಿಕ್ಕಿಸಿದರೂ ಅದು ತನ್ನ ಪಾಡಿಗೆ ತಾನು ಬೆಳಗುತ್ತದೆ. ಅನಿಲ ವಿಸರ್ಜನ ದೀಪದ ಸ್ವಭಾವವಾದರೋ ಇದಕ್ಕೆ ತೀರ ವಿಪರೀತವಾದುದು. ಗಾಜಿನ ಕೊಳವೆಯೊಳಗೆ ತುಂಬಿದ ಅನಿಲವು ಮೊದಲು ವಿದ್ಯುತ್ತಿಗೆ ದಾರಿಯನ್ನೇ ಕೊಡದು. ಆದರೆ ಎರಡು ಧ್ರುವಗಳ ನಡುವಣ ವಿಭವಾಂತರವು ಒಂದು ಮೇರೆಯನ್ನು ಮೀರಿತೆಂದರೆ, ಅಲ್ಲಲ್ಲಿ ಚದುರಿದ್ದ ಕೆಲವೇ ಎಲೆಕ್ಟ್ರಾನುಗಳು ವೇಗಗೊಂಡು ಪರಮಾಣುಗಳಿಗೆ ಬಡಿದು ಬೇರೆ ಎಲೆಕ್ಟ್ರಾನುಗಳನ್ನು ಬಿಡಿಸಿ, ಅವು ಇನ್ನಷ್ಟನ್ನು ಬಿಡಿಸಿ, ಕ್ಷಣಮಾತ್ರದಲ್ಲಿ ಅನಿಲವೆಲ್ಲವೂ ವಾಹಕವಾಗುತ್ತದೆ. ಅಲ್ಲಿಂದ ಮುಂದೆ ಪ್ರವಾಹವು ಹೆಚ್ಚಿದಷ್ಟೂ ಅದನ್ನು ನಡೆಸಲು ಬೇಕಾದ ವೋಲ್ಟೇಜು ಬಹುಮಟ್ಟಿಗೆ ಇಳಿಯುತ್ತಲೇ ಹೋಗುವುದರಿಂದ, ಹೊರಗಿನಿಂದ ತಡೆಯೊಂದು ಇಲ್ಲದಿದ್ದರೆ ದೀಪವು ತಾನು ಸಿಡಿಯುವವರೆಗೆ ಅಥವಾ ಫ್ಯೂಸು ಹೋಗುವವರೆಗೆ ಪ್ರವಾಹವನ್ನು ಸೆಳೆಯುತ್ತದೆ. ಟ್ಯೂಬ್‌ಲೈಟಿನ ಪಟ್ಟಿಯೊಳಗೆ ಕುಳಿತು ಗುಂಯ್‌ಗುಟ್ಟುತ್ತಿದ್ದ ಚೋಕಿನ ಕೆಲಸವು ಆ ತಡೆಯೇ.

ಹೀಗಿರಲಾಗಿ, ವಿಸರ್ಜನ ದೀಪವೆಂದರೆ ಗಾಜಿನ ಕೊಳವೆಯಷ್ಟೇ ಅಲ್ಲ; ಕೊಳವೆಯೂ ಅದನ್ನು ಹತೋಟಿಯಲ್ಲಿಡುವ ಚೋಕು ಅಥವಾ ಟ್ರಾನ್ಸ್‌ಫಾರ್ಮರೂ ಕೂಡಿ ಒಂದು ದೀಪ. ಕಾಲಕ್ರಮದಲ್ಲಿ ಈ ಜೋಡಿಯು ಒಡೆಯುತ್ತದೆ. ಚೋಕಿನಲ್ಲಿ ತಾಮ್ರವುಂಟು, ಕಬ್ಬಿಣವುಂಟು. ಗುಜರಿಯವನ ತಕ್ಕಡಿಯಲ್ಲಿ ಅದಕ್ಕೆ ಬೆಲೆಯುಂಟು. ಕೊಳವೆಗೆ ಬೆಲೆಯಿಲ್ಲ, ಆದುದರಿಂದ ಅದು ಯಾವುದೋ ಕಾಲೇಜಿನ ಭೌತಶಾಸ್ತ್ರ ವಿಭಾಗದ ಬೀರುವಿನಲ್ಲಿ, ಹತ್ತಿಯ ನಡುವೆ, ಅಚ್ಚಿನ ಗುರುತು ಅಳಿಸಿಹೋಗಿ ಒಂಟಿಯಾಗಿ ಉಳಿಯುತ್ತದೆ. ಅಂಥ ವಸ್ತುವು ಕುತೂಹಲಿಯೊಬ್ಬನ ಕೈಗೆ ಬಂದಾಗ ಅವನಿಗೆ ಹುಟ್ಟುವ ಮೊದಲನೆಯ ಆಸೆ ಅದನ್ನು ಬೆಳಗಿಸಿ ನೋಡಬೇಕೆಂಬುದು. ಆ ಆಸೆಯು ಸಹಜವಾದುದೇ. ಆದರೆ ದೀಪ ಯಾವುದೆಂದು ತಿಳಿಯುವ ಮೊದಲು ಅದಕ್ಕೆ ವಿದ್ಯುತ್ತನ್ನು ಕೊಡಲಾಗದು. ಕೊಟ್ಟರೆ ಕೆಲವೊಮ್ಮೆ ದೀಪಕ್ಕೆ ಅಪಾಯ, ಕೆಲವೊಮ್ಮೆ ಕೊಟ್ಟವನಿಗೇ ಅಪಾಯ.

ಈ ಕುಲದಲ್ಲಿ ಇಷ್ಟೊಂದು ವೈವಿಧ್ಯವು ಹೇಗೆ ಬಂದಿತೆಂಬುದನ್ನು ಅರಿಯಬೇಕಾದರೆ ಮೂಲಪುರುಷರನ್ನು ಸ್ವಲ್ಪ ಸ್ಮರಿಸಬೇಕಾಗುತ್ತದೆ. ಜರ್ಮನಿಯ ಬಾನ್ ನಗರದಲ್ಲಿ ಗಾಜಿನ ಕೆಲಸದಲ್ಲಿ ಅಸಾಧಾರಣ ನಿಪುಣನಾಗಿದ್ದ ಹೈನ್ರಿಶ್ ಗೈಸ್ಲರನು ಪಾದರಸದ ನಿರ್ವಾತ ಪಂಪೊಂದನ್ನು ರಚಿಸಿ, 1857ರ ಸುಮಾರಿಗೆ ಭೌತವಿಜ್ಞಾನಿ ಯೂಲಿಯಸ್ ಪ್ಲ್ಯೂಕರನಿಗಾಗಿ ವಿರಳ ಅನಿಲಗಳ ಕೊಳವೆಗಳನ್ನು ಮಾಡಿಕೊಟ್ಟನು. ಸುರುಳಿಗಳು, ಗುಂಡುಗಳು, ಒಳಗೊಂದು ಹೊರಗೊಂದು ಕೊಳವೆಗಳು, ಹಸುರಾಗಿ ಮಿನುಗುವ ಯುರೇನಿಯಂ ಗಾಜಿನ ತುಂಡುಗಳು—ಇವನ್ನು ಬೆಸೆದು ಮಾಡಿದ ಆ ವಸ್ತುಗಳು ವಿಜ್ಞಾನದ ಉಪಕರಣಗಳಾಗಿದ್ದಂತೆ ಶ್ರೀಮಂತರ ದಿವಾನಖಾನೆಯ ವಿನೋದಗಳೂ ಆಗಿದ್ದವು. ಅವುಗಳಿಂದ ಕೋಣೆಗೆ ಬೆಳಕು ಬಾರದು. ಆ ಕೆಲಸಕ್ಕೆ ಕೈಹಾಕಿದವನು ಹಿಂದೆ ಎಡಿಸನ್ನನ ಬಳಿ ದುಡಿದಿದ್ದ ಡೇನಿಯಲ್ ಮೆಕ್‌ಫರ್ಲನ್ ಮೂರ್. 1904ರಲ್ಲಿ ಅಮೆರಿಕದ ನ್ಯೂವಾರ್ಕ್ ನಗರದ ಕಬ್ಬಿಣ ಸಾಮಾನಿನ ಅಂಗಡಿಯೊಂದರಲ್ಲಿ ಅವನ ಉದ್ದನೆಯ ಕೊಳವೆಯು ಮೊದಲಬಾರಿಗೆ ವ್ಯಾಪಾರದ ದೀಪವಾಗಿ ಬೆಳಗಿತು. ಸಾರಜನಕವನ್ನು ತುಂಬಿದರೆ ಹೊಂಬಣ್ಣದ ಕಾಂತಿ, ಇಂಗಾಲದ ಡೈಆಕ್ಸೈಡನ್ನು ತುಂಬಿದರೆ ಹಗಲನ್ನು ಹೋಲುವ ಬಿಳಿ. ಆದರೆ ಈ ಅನಿಲಗಳು ಉರಿಯುತ್ತಿದ್ದಂತೆಯೇ ಕೊಳವೆಯ ಗೋಡೆಗಳಲ್ಲೂ ಧ್ರುವಗಳಲ್ಲೂ ಲೀನವಾಗುತ್ತಿದ್ದುದರಿಂದ, ಒತ್ತಡವು ತಗ್ಗಿದಾಗಲೆಲ್ಲ ಹೊಸ ಅನಿಲವನ್ನು ಒಳಬಿಡಬೇಕಾಗಿದ್ದಿತು. ಇದಕ್ಕಾಗಿ ಮೂರನು ಕಲ್ಪಿಸಿದ ಕವಾಟವು ನನ್ನ ದೃಷ್ಟಿಯಲ್ಲಿ ಆ ಶತಮಾನದ ಅತ್ಯಂತ ಸುಂದರವಾದ ಯುಕ್ತಿಗಳಲ್ಲೊಂದು: ಸರಂಧ್ರವಾದ ಇಂಗಾಲದ ತುಣುಕೊಂದನ್ನು ಪಾದರಸವು ಮುಚ್ಚಿಕೊಂಡಿರುತ್ತದೆ, ಪ್ರವಾಹವು ಬದಲಾದೊಡನೆ ವಿದ್ಯುತ್ಕಾಂತವು ಪಾದರಸದೊಳಗಿನ ತೇಲುಗವನ್ನು ಮೇಲೆತ್ತುತ್ತದೆ, ಪಾದರಸದ ಮಟ್ಟವು ಇಳಿಯುತ್ತದೆ, ಇಂಗಾಲದ ತುದಿಯು ಹೊರಗಾಣುತ್ತದೆ, ಅದರ ಮೂಲಕ ಲವಲೇಶ ಅನಿಲವು ಒಳಸೇರಿ ಸಮತೋಲವು ಮರಳುತ್ತದೆ.

ಅದೇ ಕಾಲದಲ್ಲಿ ಪೀಟರ್ ಕೂಪರ್ ಹೆವಿಟ್ಟನು ಪಾದರಸವನ್ನೇ ದೀಪವಾಗಿಸಿದನು. ಅದರ ಪೇಟೆಂಟು 1901ರದು. ಉದ್ದವಾದ ಕೊಳವೆ, ಅದರ ಒಂದು ತುದಿಯಲ್ಲಿ ದ್ರವ ಪಾದರಸದ ಕೊಳ. ಕೊಳವೆಯನ್ನು ಕೈಯಿಂದ ಓರೆಮಾಡಿದರೆ ಪಾದರಸವು ಎಳೆಯಾಗಿ ಹರಿದು ಎರಡು ಧ್ರುವಗಳನ್ನೂ ಮುಟ್ಟುವುದು, ಮರಳಿ ನೇರ ಮಾಡಿದಾಗ ಆ ಎಳೆಯು ಕಡಿದ ಎಡೆಯಲ್ಲಿ ಚಾಪವು ಹೊತ್ತಿಕೊಳ್ಳುವುದು. ಅದರ ಬೆಳಕಿನಲ್ಲಿ ಕೆಂಪು ಇಲ್ಲವೇ ಇಲ್ಲ. ಮನುಷ್ಯರ ಮುಖಗಳು ಅದರಡಿ ನಿರ್ಜೀವವಾಗಿ ಕಂಡರೂ, ನೀಲಿಗೆ ಮಾತ್ರ ಚುರುಕಾಗಿದ್ದ ಅಂದಿನ ಛಾಯಾಚಿತ್ರ ಫಲಕಗಳಿಗೆ ಅದು ವರವಾಗಿ ಬಂದಿತು. ಸರ್ ವಿಲಿಯಂ ರ‍್ಯಾಮ್ಸೆ ಮತ್ತು ಮಾರಿಸ್ ಟ್ರಾವರ್ಸರು 1898ರಲ್ಲಿ ಕಂಡುಹಿಡಿದ ನಿಯಾನನ್ನು ಫ್ರಾನ್ಸಿನ ಜಾರ್ಜ್ ಕ್ಲೋಡನು 1910ರ ಡಿಸೆಂಬರಿನಲ್ಲಿ ಪ್ಯಾರಿಸಿನ ಮೋಟಾರು ಪ್ರದರ್ಶನದಲ್ಲಿ ಸುಮಾರು 12 ಮೀಟರಿನ ಎರಡು ಕೊಳವೆಗಳಲ್ಲಿ ಬೆಳಗಿಸಿ ತೋರಿಸಿದನು. ನಿಯಾನು ಯಾವುದರೊಡನೆಯೂ ಬೆರೆಯದ ಜಡಾನಿಲವಾದುದರಿಂದ ಮೂರನ ಕವಾಟವು ಬೇಡವಾಯಿತು. ಹಾಗೆಯೇ ಮೂರನ ದೀಪಗಳೂ ಮರೆಗೆ ಸರಿದವು. 1932ರಲ್ಲಿ ಹಾಲೆಂಡಿನ ಬೇಕ್ ಮತ್ತು ಖೆಲೇನ್ ಊರುಗಳ ನಡುವಣ ರಸ್ತೆಯಲ್ಲಿ ಫಿಲಿಪ್ಸ್ ಸಂಸ್ಥೆಯ ಸೋಡಿಯಂ ದೀಪಗಳು ಬೆಳಗಿದುವು. ಮುಂದಿನ ಕಥೆಯು ನಮ್ಮ ಬೀದಿಗಳಿಗೂ ಬಂದು ಸೇರಿದ ಕಥೆ.

ಇನ್ನು ಗುರುತಿಸುವ ವಿಚಾರ. ವಿದ್ಯುತ್ತಿಲ್ಲದೆಯೇ, ಕೇವಲ ಕಣ್ಣಿನಿಂದ, ಕಾಣಬಹುದಾದುದು ಬಹಳವಿದೆ. ದೀಪದ ತಲೆಯನ್ನು ಮೊದಲು ನೋಡತಕ್ಕದ್ದು. ಬ್ರಿಟಿಷ್ ಪದ್ಧತಿಯ 80 ಮತ್ತು 125 ವಾಟಿನ ಪಾದರಸ ದೀಪಗಳಿಗೆ ಎರಡರ ಬದಲು ಮೂರು ಪಿನ್ನುಗಳನ್ನು ಇಟ್ಟಿರುತ್ತಿದ್ದರು. ಮನೆಯ ಸಾಮಾನ್ಯ ಹೋಲ್ಡರಿಗೆ ಯಾರೂ ಅದನ್ನು ಅಪ್ಪಿತಪ್ಪಿಯೂ ಸಿಕ್ಕಿಸಬಾರದೆಂಬುದೇ ಅದರ ಉದ್ದೇಶ. ಹಾಗಾಗಿ ಮೂರನೆಯ ಪಿನ್ನು ಕಂಡಿತೆಂದರೆ, ಈ ದೀಪಕ್ಕೆ ಚೋಕು ಬೇಕೆಂದು ಅದನ್ನು ಮಾಡಿದವರೇ ಹೇಳುತ್ತಿದ್ದಾರೆಂದು ತಿಳಿಯಬೇಕು. ಒಳಗೆ ಎರಡು ಕಾಲಾಗಿ ಮಡಿಚಿದ ಉದ್ದ ಕೊಳವೆ, ಅದರ ಗೋಡೆಯಲ್ಲಿ ಬೆಳ್ಳಿಯ ಹನಿಗಳಂತೆ ಹೊಳೆಯುವ ಲೋಹ, ಆ ಲೋಹವನ್ನು ಹಿಡಿದಿಡಲು ಗಾಜಿನಲ್ಲಿ ಒತ್ತಿದ ಸಣ್ಣ ಗುಳಿಗಳು ಇವೆಯಾದರೆ ಅದು ಕಡಿಮೆ ಒತ್ತಡದ ಸೋಡಿಯಂ ದೀಪ. ಹೊರಗಾಜಿನ ಒಳಮೈಯಲ್ಲಿ ಕನ್ನಡಿಯಂಥ ಬೇರಿಯಂ ಲೇಪವು ಹೊಳೆಯುತ್ತಿದ್ದರೆ ನಿರ್ವಾತವು ಕೆಟ್ಟಿಲ್ಲ. ಆ ಲೇಪವು ಹಾಲುಬಿಳುಪಿಗೆ ತಿರುಗಿದ್ದರೆ ಗಾಳಿಯು ಒಳಹೊಕ್ಕಿದೆ, ಮುಂದಿನ ಶ್ರಮವು ವ್ಯರ್ಥ. ಚಿಕ್ಕ ಬುರುಡೆಯೊಳಗೆ ಒಂದಕ್ಕೊಂದು ಮುಟ್ಟದ ಎರಡು ಲೋಹದ ತಗಡುಗಳೋ ಸುರುಳಿಗಳೋ ಇದ್ದರೆ ಅದು ನಿಯಾನಿನ ಮಂದದೀಪವಾಗಿರಬಹುದು.

ಎಲ್ಲಕ್ಕಿಂತ ಮೋಸಗೊಳಿಸತಕ್ಕದ್ದು, ಒಳಗೆಲ್ಲ ಬಿಳಿಯ ಪುಡಿಯನ್ನು ಬಳಿದ ಪಾದರಸದ ಬುರುಡೆ. ಇದರಲ್ಲಿ ಎರಡು ಜಾತಿಗಳುಂಟು. ಒಂದಕ್ಕೆ ಹೊರಗೆ ಚೋಕು ಬೇಕೇ ಬೇಕು. ಇನ್ನೊಂದು ನಮ್ಮ ಎಲೆಕ್ಟ್ರಿಷಿಯನ್ನರು ಬ್ಲೆಂಡೆಡ್ ಎಂದು ಕರೆಯುವ ದೀಪ. ಅದರೊಳಗೆ ಪಾದರಸದ ಕೊಳವೆಯೊಡನೆ ಟಂಗ್‌ಸ್ಟನ್ ತಂತಿಯೂ ಸರಣಿಯಲ್ಲಿ ಜೋಡಿಸಲ್ಪಟ್ಟಿದ್ದು, ಆ ತಂತಿಯೇ ಪ್ರವಾಹವನ್ನು ಮಿತಿಗೊಳಿಸುವುದರಿಂದ ನೇರವಾಗಿ ಮನೆಯ ವಿದ್ಯುತ್ತಿಗೆ ಸೇರಿಸಬಹುದು. ಹೊರನೋಟಕ್ಕೆ ಎರಡೂ ಒಂದೇ. ಮಲ್ಟಿಮೀಟರಿನಿಂದ ಅಳೆದು ನೋಡೋಣವೆಂದರೆ, ತಣ್ಣಗಿರುವಾಗ ಅನಿಲವು ಎರಡರಲ್ಲಿಯೂ ದಾರಿಗೆ ಅಡ್ಡವಾಗಿರುವುದರಿಂದ ಉಪಕರಣವು ಎರಡನ್ನೂ ಒಂದೇ ರೀತಿಯಲ್ಲಿ ನಿರಾಕರಿಸುತ್ತದೆ. ಕತ್ತಲೆಯ ಕೋಣೆಯಲ್ಲಿ ಬುರುಡೆಯ ಹಿಂದೆ ಬಲವಾದ ಟಾರ್ಚನ್ನು ಹಿಡಿದು, ನಡುವಣ ಕೊಳವೆಯ ಸುತ್ತ ತಂತಿಯ ನೆರಳು ಬೀಳುವುದೋ ಇಲ್ಲವೋ ಎಂದು ಪರೀಕ್ಷಿಸುವುದು ಉತ್ತಮ. ನೆರಳು ನಿಶ್ಚಯವಾಗಿ ಕಾಣದಿದ್ದರೆ ಅದಕ್ಕೆ ಚೋಕು ಬೇಕೆಂದೇ ಭಾವಿಸತಕ್ಕದ್ದು. ಸಂಶಯದ ಪ್ರಯೋಜನವನ್ನು ಇಲ್ಲಿ ಸುರಕ್ಷತೆಗೇ ಕೊಡಬೇಕು.

ಕಣ್ಣು ಹೇಳಲಾರದುದನ್ನು ಬೆಳಕು ಹೇಳುತ್ತದೆ. ಅಧಿಕ ಆವರ್ತದ ಚಿಕ್ಕ ಕಾಯಿಲನ್ನು, ಅಥವಾ ಮಕ್ಕಳಿಗೆ ತೋರಿಸುವ ಪ್ಲಾಸ್ಮಾ ಗೋಳವನ್ನು, ಗಾಜಿನ ಹತ್ತಿರಕ್ಕೆ ತಂದರೆ ತಂತಿಯ ಸಂಪರ್ಕವಿಲ್ಲದೆಯೇ ಒಳಗಿನ ಅನಿಲವು ಮಂದವಾಗಿ ಹೊಳೆಯುತ್ತದೆ. ನಿಯಾನಿನ ಕಿತ್ತಳೆಗೆಂಪು, ಆರ್ಗಾನಿನ ನಸುನೇರಳೆ, ಪಾದರಸದ ನೀಲಿಹಸುರು, ಸಾರಜನಕದ ಗುಲಾಬಿ ಛಾಯೆ, ಜಲಜನಕದ ಕೆನ್ನೇರಳೆ ಇವು ಪರಿಚಿತವಾದರೂ ಬಣ್ಣವನ್ನು ಮಾತ್ರ ನಂಬುವಂತಿಲ್ಲ, ಏಕೆಂದರೆ ಬೆರೆತ ಅನಿಲಗಳು ಕಣ್ಣನ್ನು ವಂಚಿಸುತ್ತವೆ. ಬೆಳಕನ್ನು ರೋಹಿತವಾಗಿ ಬಿಡಿಸಿ ನೋಡಬೇಕು. ಮಾತಿನ ಧಾಟಿಯನ್ನು ಕೇಳಿಯೇ ಬಂದವನು ಧಾರವಾಡದ ಕಡೆಯವನೋ ಕುಂದಾಪುರದ ಕಡೆಯವನೋ ಎಂದು ಹಿರಿಯರು ಹೇಳಿಬಿಡುವಂತೆ, ರೋಹಿತದ ಗೆರೆಗಳನ್ನು ಕಂಡೊಡನೆ ಒಳಗಿರುವ ಮೂಲವಸ್ತುವು ಯಾವುದೆಂದು ಹೇಳಬಹುದು. ಕಾಲೇಜಿನ ರೋಹಿತದರ್ಶಕವಿದ್ದರೆ ಸರಿಯೇ ಸರಿ. ಇಲ್ಲದಿದ್ದರೆ ಕಿರಿದಾದ ಸೀಳಿನ ಮೂಲಕ ಬಂದ ಬೆಳಕನ್ನು ಹಳೆಯ ಸಿಡಿಯೊಂದರ ಮೇಲೆ ಓರೆಯಾಗಿ ಬೀಳಿಸಿ ನೋಡಿದರೂ ಗೆರೆಗಳು ಬೇರೆಬೇರೆಯಾಗಿ ಕಾಣುತ್ತವೆ. ಪಾದರಸಕ್ಕೆ 404.7 ಮತ್ತು 435.8 ನ್ಯಾನೊಮೀಟರಿನ ನೇರಳೆ-ನೀಲಿಗಳು, 546.1ರ ಹಸುರು, 577 ಮತ್ತು 579ರ ಹಳದಿಯ ಜೋಡಿ; ಸೋಡಿಯಮ್ಮಿಗೆ 589.0 ಮತ್ತು 589.6ರ ಅವಳಿ ಹಳದಿಗಳು, ಕ್ಯಾಡ್ಮಿಯಮ್ಮಿಗೆ 643.8ರ ಕೆಂಪು. ಹೀಲಿಯಮ್ಮಿನ ಹಳದಿ ಗೆರೆಯು 587.6ರಲ್ಲಿದ್ದು ಸೋಡಿಯಮ್ಮಿಗೆ ಅತಿಸಮೀಪವಾಗಿರುವುದರಿಂದ ಎಚ್ಚರ ಬೇಕು. ಆದರೆ ಹೀಲಿಯಮ್ಮಿಗೆ ಅದರೊಡನೆ ಕೆಂಪಿನಲ್ಲಿಯೂ ಹಸುರಿನಲ್ಲಿಯೂ ಬೇರೆ ಗೆರೆಗಳಿದ್ದು ಅವು ಸಂದೇಹವನ್ನು ಪರಿಹರಿಸುತ್ತವೆ.

ಈ ಗೆರೆಗಳ ಶುದ್ಧಿಯು ಎಷ್ಟು ದೊಡ್ಡ ಕೆಲಸಗಳಿಗೆ ಆಧಾರವಾಯಿತೆಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸೊಪ್ಪದು. 1960ರಿಂದ 1983ರವರೆಗೆ ಜಗತ್ತಿನ ಮೀಟರು ಎಂದರೆ ಕ್ರಿಪ್ಟಾನ್-86ರ ವಿಸರ್ಜನ ದೀಪದ ಒಂದು ಕಿತ್ತಳೆ ಗೆರೆಯ 16,50,763.73 ತರಂಗದೂರಗಳ ಮೊತ್ತವಾಗಿದ್ದಿತು. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ನರು ಕೆ. ಎಸ್. ಕೃಷ್ಣನ್ನರೊಡನೆ ತಮ್ಮ ಹೆಸರಿನ ಪರಿಣಾಮವನ್ನು ನಿಸ್ಸಂದೇಹವಾಗಿ ಕಂಡುದು ಪಾದರಸ ಚಾಪದೀಪದ ಬೆಳಕಿನಿಂದ. ಸೂರ್ಯಪ್ರಕಾಶದಿಂದ ತೊಡಗಿದ ಪ್ರಯೋಗಕ್ಕೆ ಸ್ಫುಟವಾದ ಗೆರೆಗಳುಳ್ಳ ಆ ದೀಪವು ಖಚಿತತೆಯನ್ನು ತಂದುಕೊಟ್ಟಿತು. ಐದು ವರ್ಷಗಳ ಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ನಿರ್ದೇಶಕರಾಗಿ ಬಂದರು. ನಮ್ಮ ಕಾಲೇಜುಗಳಲ್ಲಿ ನ್ಯೂಟನ್ನನ ಉಂಗುರಗಳನ್ನು ಅಳೆಯುವ ವಿದ್ಯಾರ್ಥಿಯ ಮುಂದೆ ಹಳದಿಯಾಗಿ ಉರಿಯುವ ಸೋಡಿಯಂ ದೀಪವೂ ಇದೇ ವಂಶದ್ದು.

ಗುರುತು ಸಿಕ್ಕಿದ ಮೇಲೆ ಅದಕ್ಕೆ ತಕ್ಕ ಒಡನಾಡಿಯನ್ನು ಹುಡುಕಬೇಕು. ಇಲ್ಲಿ ವಾಟುಗಳಿಗಿಂತ ಆಂಪಿಯರುಗಳು ಮುಖ್ಯ. 80 ವಾಟಿನ ಪಾದರಸ ದೀಪಕ್ಕೆ ಸಲ್ಲುವ ಪ್ರವಾಹ ಸುಮಾರು 0.8 ಆಂಪಿಯರು, 125 ವಾಟಿನದಕ್ಕೆ 1.15, 400 ವಾಟಿನದಕ್ಕೆ 3.25. ಚಿಕ್ಕ ದೀಪಕ್ಕೆ ದೊಡ್ಡ ಚೋಕನ್ನು ಹಾಕಿದರೆ ಹೊತ್ತಿಕೊಳ್ಳದೆ ಇರದು, ಅತಿ ಸೊಗಸಾಗಿಯೇ ಉರಿಯುವುದು. ಆ ಸೊಗಸು ಅದರ ಆಯುಸ್ಸನ್ನು ತಿಂದು ಬಂದುದಾಗಿರುತ್ತದೆ. ಮೊದಲ ಪರೀಕ್ಷೆಗೆ ರೇಡಿಯೊ ರಿಪೇರಿಯವರ ಸೀರೀಸ್ ಬಲ್ಬಿನ ಪದ್ಧತಿಯು ಪ್ರಶಸ್ತವಾದುದು: 230 ವೋಲ್ಟಿನ 100 ವಾಟು ಬುರುಡೆಯೊಂದನ್ನು ಚೋಕಿನೊಡನೆ ಸರಣಿಯಲ್ಲಿ ಸೇರಿಸಿದರೆ, ಏನೇ ಎಡವಟ್ಟಾದರೂ ಪ್ರವಾಹವು ಸುಮಾರು 0.43 ಆಂಪಿಯರನ್ನು ಮೀರಲಾರದು. ಪಾದರಸ ದೀಪವು ತುಂಬುಬೆಳಕಿಗೆ ಬರಲು ನಾಲ್ಕೈದು ನಿಮಿಷ ಹಿಡಿಯುವುದು. ಆರಿಸಿದ ಮೇಲೆ ತಣಿಯುವವರೆಗೆ ಮತ್ತೆ ಹೊತ್ತಿಕೊಳ್ಳದು. ಇದನ್ನರಿಯದವರು ದೀಪವು ಸತ್ತಿತೆಂದು ಬಗೆದು ಬಿಸಿಯಾಗಿರುವಾಗಲೇ ಬಿಚ್ಚಲು ಹೋಗುತ್ತಾರೆ.

ಸೋಡಿಯಂ ದೀಪದ ರೀತಿಯೇ ಬೇರೆ. ಮನೆಯ 230 ವೋಲ್ಟು ಅದನ್ನು ಎಚ್ಚರಿಸಲು ಸಾಲದು. 400 ವೋಲ್ಟಿಗೂ ಮೇಲಕ್ಕೆ ಏರಿಸಿಕೊಟ್ಟು, ಹೊತ್ತಿಕೊಂಡೊಡನೆ ತಾನಾಗಿ ತಗ್ಗುವ ವಿಶೇಷ ಟ್ರಾನ್ಸ್‌ಫಾರ್ಮರು ಅದಕ್ಕೆ ಬೇಕು. ಕಾಲೇಜಿನ ದೀಪದೊಡನೆ ಬರುವ ಭಾರವಾದ ಪೆಟ್ಟಿಗೆ ಅದೇ. ದೀಪವಿಲ್ಲದೆ ಪೆಟ್ಟಿಗೆಯನ್ನು ಮಾತ್ರ ಚಾಲೂ ಮಾಡಿ ಹೋಲ್ಡರಿನ ಬಳಿಗೆ ಕೈಯೊಯ್ಯುವುದು ಪ್ರಾಣಾಂತಕ. ಹೊತ್ತಿಸಿದ ಮೊದಲಲ್ಲಿ ನಿಯಾನು ಮತ್ತು ಕೊಂಚ ಆರ್ಗಾನು ಕೂಡಿದ ಕೆಂಪು ಬೆಳಕಷ್ಟೇ ಕಾಣುವುದು. ಆ ಕಾವಿನಿಂದ ಸೋಡಿಯಂ ಕರಗಿ ಆವಿಯಾಗಿ, ಕೊಳವೆಯು 260 ಡಿಗ್ರಿ ಸೆಲ್ಸಿಯಸಿನ ಸುಮಾರಿಗೆ ಬಂದಾಗ, ಕೆಂಪಿನ ನಡುವಿನಿಂದ ಹಳದಿಯು ಮೆಲ್ಲಮೆಲ್ಲನೆ ಮೇಲೆದ್ದು ಎಲ್ಲವನ್ನೂ ಆವರಿಸುತ್ತದೆ. ಎಷ್ಟು ಬಾರಿ ನೋಡಿದರೂ ನನಗೆ ಬೇಸರ ತಾರದ ದೃಶ್ಯವಿದು. ದೀಪವನ್ನು ಅದರ ತಯಾರಕರು ಹೇಳಿದ ಭಂಗಿಯಲ್ಲಿಯೇ, ಸಾಮಾನ್ಯವಾಗಿ ಅಡ್ಡಲಾಗಿ, ಉರಿಸಬೇಕು. ಇಲ್ಲವಾದರೆ ಕರಗಿದ ಸೋಡಿಯಂ ಒಂದು ಕಡೆಗೆ ಹರಿದು ಶೇಖರವಾಗುವುದು. ಒಡೆದ ಸೋಡಿಯಂ ದೀಪವನ್ನು ಒದ್ದೆಯ ಕಸದಲ್ಲಿ ಎಸೆಯಲಾಗದು. ನೀರು ತಾಗಿದರೆ ಆ ಲೋಹವು ಜಲಜನಕವನ್ನು ಬಿಡಿಸಿ ಹೊತ್ತಿಕೊಳ್ಳುವುದು.

ನಿಯಾನಿನ ಮಂದದೀಪವು ಸೌಮ್ಯವಾದುದು. ನಮ್ಮ ಮನೆಗಳ ಟೆಸ್ಟರಿನ ಹಿಡಿಯೊಳಗಿರುವುದು ಅದೇ. ಅದರ ಜೊತೆಗಿರುವ ಲಕ್ಷಾಂತರ ಓಮಿನ ನಿರೋಧಕವೇ ಹಿಡಿದವನ ಬೆರಳನ್ನು ಕಾಯುವುದು. ಆದರೆ ಅಮೆರಿಕದ ಪದ್ಧತಿಯಲ್ಲಿ ತಿರುಪಿನ ತಲೆಯ ನಿಯಾನು ದೀಪಗಳೊಳಗೆ ಸಾಮಾನ್ಯವಾಗಿ ನಿರೋಧಕವನ್ನು ಅಡಗಿಸಿಟ್ಟಿರುತ್ತಾರೆ, ಪಿನ್ನಿನ ತಲೆಯವುಗಳಲ್ಲಿ ಇಟ್ಟಿರುವುದಿಲ್ಲ. ಸಂದೇಹವಿದ್ದಲ್ಲಿ ಹೊರಗೊಂದನ್ನು ಸೇರಿಸಿಯೇ ಪರೀಕ್ಷಿಸುವುದು ಲೇಸು. ಗೈಸ್ಲರ್ ಕೊಳವೆಗಳಿಗಾದರೋ ಸಾವಿರಾರು ವೋಲ್ಟುಗಳು ಬೇಕು, ಪ್ರವಾಹ ಮಾತ್ರ ಒಂದೆರಡು ಮಿಲಿಆಂಪಿಯರು ಸಾಕು. ನಿಯಾನು ನಾಮಫಲಕದ ಟ್ರಾನ್ಸ್‌ಫಾರ್ಮರು 30 ಮಿಲಿಆಂಪಿಯರಿನವರೆಗೂ ಕೊಡಬಲ್ಲುದು. ಅಷ್ಟಕ್ಕೆ ಕೊಳವೆಯ ಧ್ರುವಗಳು ಸವೆದು ಗಾಜು ಕಪ್ಪಾಗುವುದು, ಗಾಜಿನಲ್ಲಿ ಬೆಸೆದ ಪ್ಲಾಟಿನಂ ತಂತಿಯ ಬುಡವು ಬಿರಿಯುವುದು, ಮುಟ್ಟಿದ ಮನುಷ್ಯನು ಉಳಿಯುವುದು ಕಷ್ಟ.

ಈ ಕೊಳವೆಗಳ ವಿಷಯದಲ್ಲಿಯೇ ಇನ್ನೊಂದು ಗುಪ್ತವಾದ ಅಪಾಯವಿದೆ. ಅನಿಲವು ವರ್ಷಗಳ ಕಾಲ ಹೀರಲ್ಪಟ್ಟು ಒಳಗೆ ನಿರ್ವಾತವು ಹೆಚ್ಚಿದ್ದರೆ, ಅಥವಾ ಕೊಳವೆಯು ಮೊದಲೇ ಅತಿನಿರ್ವಾತವಿರುವಂತೆ ಮಾಡಿದ ಕ್ರೂಕ್ಸನ ಜಾತಿಯದಾಗಿದ್ದರೆ, ವೋಲ್ಟೇಜು ಕೊಟ್ಟಾಗ ಅನಿಲದ ಬೆಳಕು ಮಾಯವಾಗಿ ಗಾಜಿನ ಗೋಡೆಯೇ ಹಸುರಾಗಿ ಮಿನುಗತೊಡಗುತ್ತದೆ. ವುರ್ಟ್ಸ್‌ಬರ್ಗಿನಲ್ಲಿ ವಿಲ್ಹೆಲ್ಮ್ ರಾಂಟ್ಜನ್ 1895ರ ನವೆಂಬರ್ 8ರಂದು ಕ್ಷ-ಕಿರಣಗಳನ್ನು ಕಂಡುದು ಇಂತಹ ಕೊಳವೆಯಿಂದಲೇ. ಆ ಹಸುರು ಮಿನುಗು ಕಂಡೊಡನೆ ವಿದ್ಯುತ್ತನ್ನು ಆರಿಸಿ, ಅದನ್ನು ಮತ್ತೆ ಬೆಳಗಿಸದೆ ಗಾಜಿನ ಪೆಟ್ಟಿಗೆಯಲ್ಲಿಡತಕ್ಕದ್ದು. ಸಿನಿಮಾ ಮಂದಿರಗಳ ಪ್ರೊಜೆಕ್ಟರಿನಿಂದ ಬಂದ ಕ್ಸೆನಾನ್ ದೀಪವನ್ನು ಬೆಳಗಿಸುವುದಿರಲಿ, ಮುಖಕ್ಕೆ ಕವಚವಿಲ್ಲದೆ ಕೈಗೆತ್ತಿಕೊಳ್ಳಲೂಬಾರದು. ತಣ್ಣಗಿರುವಾಗಲೂ ಅದರೊಳಗೆ ವಾಯುಮಂಡಲಕ್ಕಿಂತ ಹಲವು ಪಟ್ಟು ಒತ್ತಡವಿರುವುದರಿಂದ ಅದು ಬಾಂಬಿನಂತೆ ಸಿಡಿಯಬಲ್ಲುದು. ಹೊರಗಾಜು ಒಡೆದ ಪಾದರಸ ದೀಪವು ಒಳಗಿನ ಕ್ವಾರ್ಟ್ಜ್ ಕೊಳವೆಯಿಂದ ಉರಿಯುತ್ತಲೇ ಇದ್ದು, ಹೊರಗಾಜು ತಡೆಯುತ್ತಿದ್ದ ಅತಿನೇರಳೆ ಕಿರಣವನ್ನು ಕೋಣೆಗೆ ಸುರಿಸುತ್ತದೆ. ನೋಡಿದವನಿಗೆ ಆಗ ಏನೂ ತಿಳಿಯದು, ಕೆಲವು ಗಂಟೆಗಳ ಮೇಲೆ ಕಣ್ಣೊಳಗೆ ಮರಳು ಹೊಕ್ಕಂತೆ ಉರಿ ತೊಡಗುವುದು. ಅಮೆರಿಕದಲ್ಲಿ 1949ಕ್ಕೆ ಮೊದಲು ತಯಾರಾದ ಟ್ಯೂಬ್‌ಲೈಟುಗಳ ಪುಡಿಯಲ್ಲಿ ಬೆರಿಲಿಯಂ ಸಂಯುಕ್ತವಿರುತ್ತಿದ್ದಿತು. ಶ್ವಾಸಕೋಶಕ್ಕೆ ಅದು ಭಯಂಕರವಾದುದೆಂದು ತಿಳಿದ ಮೇಲೆ ತಯಾರಕರು ಅದನ್ನು ಬಿಟ್ಟರು. ಅಂತಹ ಕೊಳವೆಯನ್ನು ಒಡೆಯದಂತೆ ಕಾಪಾಡುವುದೇ ಅದರ ಸಂರಕ್ಷಣೆ.

ಬೆಳಗದ ದೀಪವು ಸತ್ತ ದೀಪವೆಂದು ಸಂಗ್ರಾಹಕರಲ್ಲಿ ಹಲವರು ಭಾವಿಸುತ್ತಾರೆ. ನಾನು ಹಾಗೆ ಭಾವಿಸಲಾರೆ. ಗೈಸ್ಲರನ ಶಿಷ್ಯಪರಂಪರೆಯು ಊದಿದ ಗಾಜು, ಅದರ ಬೆಸುಗೆ, ಧ್ರುವಗಳ ಆಕಾರ, ಒಳಗೆ ಉಳಿದ ಅನಿಲ—ಇವೆಲ್ಲವೂ ಉರಿಯದೆಯೇ ಇರುವ ಸಾಕ್ಷ್ಯಗಳು. ಒಂದು ರಾತ್ರಿಯ ಸಂತೋಷಕ್ಕಾಗಿ ಅತಿಪ್ರವಾಹವನ್ನು ಹರಿಸಿ ಅವನ್ನು ಸುಡುವುದು ತಾಳೆಯೋಲೆಯ ಗ್ರಂಥವನ್ನು ಓದುವ ಆತುರದಲ್ಲಿ ಮುರಿಯುವಷ್ಟೇ ನಷ್ಟದ ಕೆಲಸ. ಬೆಳಗಿಸಲು ಯೋಗ್ಯವಾದುದನ್ನು ತಕ್ಕ ಚೋಕಿನೊಡನೆ ಆಗೀಗ ಬೆಳಗಿಸೋಣ, ಇಪ್ಪತ್ತು ಮಂದಿ ವಿದ್ಯಾರ್ಥಿಗಳನ್ನು ಕರೆದು ತೋರಿಸೋಣ. ಉಳಿದುದನ್ನು ಹಾಗೆಯೇ ಇಡೋಣ.

ಕಾಲೇಜುಗಳ ಭೌತಶಾಸ್ತ್ರ ವಿಭಾಗಗಳಲ್ಲಿ ಹಳೆಯ ಸಾಮಾನನ್ನು ವಿಲೇವಾರಿ ಮಾಡುವ ಹೊತ್ತಿನಲ್ಲಿ ಇರುವವರಿಗೆ ನನ್ನದೊಂದು ವಿನಂತಿ. ದೀಪವನ್ನು ಕೊಡುವುದಾದರೆ ಅದರ ಟ್ರಾನ್ಸ್‌ಫಾರ್ಮರು ಪೆಟ್ಟಿಗೆಯನ್ನೂ ಜೊತೆಗೇ ಕೊಡಿರಿ, ಇಡುವುದಾದರೆ ಎರಡನ್ನೂ ಒಂದೇ ಬೀರುವಿನಲ್ಲಿ ಇಡಿರಿ. ರಟ್ಟಿನ ಚೀಟಿಯೊಂದರ ಮೇಲೆ ದೀಪದೊಳಗಿನ ಅನಿಲ, ಅದರ ಪ್ರವಾಹ, ಹೊತ್ತಿಸಲು ಬೇಕಾದ ವೋಲ್ಟೇಜು ಇವು ಮೂರನ್ನೂ ಬರೆದು, ನೂಲಿನಿಂದ ಹೋಲ್ಡರಿಗೆ ಕಟ್ಟಿರಿ. ಅಳಿಸಿಹೋಗದಂತೆ ಪೆನ್ಸಿಲಿನಲ್ಲಿ ಬರೆಯಿರಿ; ಹಳೆಯ ಶಾಯಿಯ ಚೀಟಿಗಳು ಬೀರುವಿನ ತೇವಕ್ಕೆ ಕಲೆಯಾಗಿ, ಇದ್ದ ಒಂದು ಅಂಕೆಯೂ ಓದಲಾಗದಂತೆ ಆಗಿರುವುದು ಎಷ್ಟೋ ಕಡೆ.